ಮೂರನೆಯ ಸಲ ಕೇಳುವವರೆಗೆ

ಮೊದಲ ದಿನ ಮನೆಗೆ ಬಂದಾಗ ಅವನು ಒಂದು ಡಬ್ಬಿ ಮಿಠಾಯಿ ತಂದಿದ್ದ. ಹೋಗುವಾಗ ಅದನ್ನು ವಾಪಸು ತೆಗೆದುಕೊಂಡು ಹೋದ.

ತಪ್ಪು ಅವನದಲ್ಲ. ಮಂಡಿ ಆಪರೇಷನ್ ಮಾಡಿಸಿಕೊಂಡು ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದ ಮಾರ್ಲಿಸ್, ಡಬ್ಬಿ ಕಂಡ ಕೂಡಲೇ ನಾರ್‌ಬೆಕ್ ಊರಿನ ಯಾವ ಮರ್ಯಾದಸ್ಥ ಹೆಂಗಸಾದರೂ ಹೇಳುವುದನ್ನೇ ಹೇಳಿದ್ದರು.

"ಅಯ್ಯೋ, ಇದೆಲ್ಲ ಯಾಕೆ? ಬೇಡಪ್ಪ, ಬೇಡ. ನಮಗ್ಯಾಕೆ ಇಷ್ಟೊಂದು?"

"ಓ, ಸರಿ," ಎಂದ ಅವನು ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಝಿಪ್ ಎಳೆದ.

ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಸಿಗ್ನೆಗೆ ಆ ಝಿಪ್ಪಿನ ಸದ್ದೂ ತಾಯಿಯ ಮುಖವೂ ಒಟ್ಟಿಗೇ ಸಿಕ್ಕವು. ನಗು ತಡೆಯಲಾರದೆ ಕಾಫಿ ನೋಡುವ ನೆಪದಲ್ಲಿ ಅಡುಗೆಮನೆಗೆ ಓಡಿದಳು.

ನಾರ್‌ಬೆಕ್ ಇರುವುದು ಮಿನೆಸೋಟದ ಪಶ್ಚಿಮದ ಬಯಲಿನಲ್ಲಿ, ಸಕ್ಕರೆ ಬೀಟು ಬೆಳೆಯುವ ಸೀಮೆಯಲ್ಲಿ. ಅಲ್ಲಿ ಯಾರು ಏನೇ ಕೊಟ್ಟರೂ ಮೊದಲು ಬೇಡ ಅನ್ನಬೇಕು. ಎರಡನೆಯ ಸಲ ಕೇಳಿದರೂ ಬೇಡ. ಮೂರನೆಯ ಸಲಕ್ಕೆ, "ನೀವು ಇಷ್ಟು ಹೇಳ್ತೀರಿ ಅಂದ್ರೆ ಒಂದು ಚೂರು," ಎಂದು ಕೈ ನೀಡಬೇಕು. ಮೊದಲ ಸಲಕ್ಕೇ ಹೂಂ ಅನ್ನುವವರು ಆಸೆಬುರುಕರು. ಮೂರು ಸಲ ಕೇಳದವರು ಮನಸ್ಸಿಲ್ಲದೆ ಕೊಟ್ಟವರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಹಾಲಿನ ಜೊತೆಗೇ ಒಳಗೆ ಹೋದದ್ದು.

ಅವನ ಕಾರು ಅತ್ತ ಹೋದ ಮೇಲೆ ಮಾರ್ಲಿಸ್ ಕಿಟಕಿಯ ಕಡೆ ನೋಡುತ್ತ ನಿಟ್ಟುಸಿರಿಟ್ಟರು. "ಪಿಸ್ತಾ ಇತ್ತು ಕಣೇ ಅದರಲ್ಲಿ. ಘಮ ಬಂತು."

ಅವನ ಹೆಸರು ಸಿಯಾಮಕ್. ಇಸ್ಫಹಾನಿನವನು. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಊರಿನವರು ಒಂದೇ ವಾರದಲ್ಲಿ ಅವನನ್ನು ಮ್ಯಾಕ್ ಮಾಡಿಬಿಟ್ಟಿದ್ದರು. ಅವನು ಅದಕ್ಕೂ ನಗುತ್ತಿದ್ದ. ಸಿಗ್ನೆ ಮಾತ್ರ ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದಳು. ಹಾಗೆ ಕರೆದಾಗಲೆಲ್ಲ ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಒಮ್ಮೆ ತಲೆಯೆತ್ತಿ ನೋಡುತ್ತಿದ್ದ. ಆ ನೋಟಕ್ಕಾಗಿಯೇ ಅವಳು ಕೆಲವು ಸಲ ಸುಮ್ಮನೆ ಕರೆದಳು.

ಮಾರ್ಲಿಸ್‌ರ ಮಂಡಿ ಬಗ್ಗಿಸುವಾಗ ನೋವು ಮರೆಸಲು ಅವನು ಮಾತಿಗೆ ಎಳೆಯುತ್ತಿದ್ದ. ಅವರನ್ನು ಕರೆಯುತ್ತಿದ್ದುದು 'ಖಾನುಂ' ಎಂದು, ಅವನ ಊರಿನ ಮಾತಿನಲ್ಲಿ ಅಮ್ಮಾವ್ರು.

"ನಮ್ಮ ಕಡೆ ಹೇಳ್ತಾರೆ, ಮಾರ್ಲಿಸ್ ಖಾನುಂ, ಅಮೆರಿಕದಲ್ಲಿ ಬೆಳಿಗ್ಗೆನೂ ಬರ್ಗರ್ ತಿಂತಾರಂತೆ."

"ಯಾರು? ಬೆಳಿಗ್ಗೆ ಓಟ್ಸ್ ಗಂಜಿ. ಅಯ್ಯಪ್ಪಾ, ಮೆಲ್ಲಗೆ!"

"ಉಸಿರು ಬಿಡಿ. ಪ್ರತಿ ಮನೇಲೂ ಒಂದು ಬಂದೂಕು ಇರುತ್ತಂತೆ."

"ಸುಳ್ಳು. ಎರಡಿದೆ. ಒಂದು ಜಿಂಕೆಗೆ, ಇನ್ನೊಂದು ಬಾತುಕೋಳಿಗೆ."

"ಮಕ್ಕಳು ಹದಿನೆಂಟಕ್ಕೇ ಮನೆ ಬಿಟ್ಟು ಹೋಗ್ತಾರಂತೆ. ಅಪ್ಪ ಅಮ್ಮನ್ನ ತಿರುಗಿ ನೋಡಲ್ವಂತೆ."

"ಇವಳೂ ಹೋಗಿದ್ಲು, ಮಿನಿಯಾಪೊಲಿಸ್‌ಗೆ. ಅಪ್ಪ ತೀರ್ಕೊಂಡ ಮೇಲೆ ವಾಪಸ್ ಬಂದ್ಲು. ಹೋಗೇ ಮಾರಾಯ್ತಿ ಅಂದ್ರೂ ಹೋಗ್ತಾ ಇಲ್ಲ. ನಿಮ್ಮ ಕಡೆ ಕರ್ಕೊಂಡು ಹೋಗೋರು ಯಾರಾದ್ರೂ ಇದ್ರೆ ಹೇಳಪ್ಪ."

"ಅಮ್ಮಾ!"

ಅವನು ತಲೆ ಬಗ್ಗಿಸಿಕೊಂಡು ಮಂಡಿ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿದ್ದವು.

"ಆದ್ರೆ ಒಂದು ಮಾತು ನಿಜ," ಎಂದ, ಮಂಡಿಯನ್ನು ಮತ್ತೆ ಮೆಲ್ಲಗೆ ಬಗ್ಗಿಸುತ್ತ. "ನೀವೆಲ್ಲ ನೇರ. ಹೌದು ಅಂದ್ರೆ ಹೌದು, ಬೇಡ ಅಂದ್ರೆ ಬೇಡ. ನಂಗೆ ಇಲ್ಲಿ ತುಂಬಾ ಹಿಡಿಸಿದ್ದು ಅದೇ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಬೇಡ ನಿಜವಾದ ಬೇಡ ಅಲ್ಲ ಎಂದು ಹೇಗೆ ಹೇಳುವುದು? ಹಾಗೆ ಹೇಳಿದರೆ ಮಿಠಾಯಿ ಡಬ್ಬಿಯನ್ನು ಬಾಯಿಬಿಟ್ಟು ಕೇಳಿದ ಹಾಗೆಯೇ.

"ಯಾರು ಹೇಳಿದ್ದು ನಿಮಗೆ, ನಾವು ನೇರ ಅಂತ?" ಎಂದಷ್ಟೇ ಕೇಳಿದಳು ಸಿಗ್ನೆ.

"ಎಲ್ಲರೂ. ಸಿನಿಮಾದಲ್ಲೂ ಹಾಗೇ ಅಲ್ವಾ?"

"ಓ, ಸಿನಿಮಾದಲ್ಲಿ," ಎಂದರು ಮಾರ್ಲಿಸ್.

ಹಿಮ ಶುರುವಾಯಿತು. ಸಿಗ್ನೆಗೆ ಕೌಂಟಿಯ ರಸ್ತೆ ಇಲಾಖೆಯಲ್ಲಿ ಕೆಲಸ. ಚಳಿಗಾಲವೆಲ್ಲ ದೊಡ್ಡ ಲಾರಿಯ ಮುಂದೆ ಅಲಗು ಕಟ್ಟಿಕೊಂಡು ಹಿಮ ಗೋರುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಮೈಯೆಲ್ಲ ನುಗ್ಗಾಗಿರುತ್ತಿತ್ತು. ಆದರೂ ತನ್ನ ಸ್ವಂತ ಪಿಕಪ್ಪಿಗೆ ಚಿಕ್ಕ ಅಲಗು ಸಿಕ್ಕಿಸಿಕೊಂಡು, ಸ್ಮಶಾನದ ರಸ್ತೆಯ ಕೊನೆಯ ಬಾಡಿಗೆ ಮನೆಗೆ ಹೋಗಿ, ಅಲ್ಲಿನ ಅಂಗಳದ ಹಿಮವನ್ನೂ ಸರಿಸಿ ಬರುತ್ತಿದ್ದಳು. ಆ ಮನೆ ಸಿಯಾಮಕ್‌ನದು.

"ನಿಮ್ಮ ಸರ್ಕಾರ ಅದ್ಭುತ ಕಣ್ರೀ," ಎಂದ ಅವನು ಒಮ್ಮೆ, ಊರಿನ ಕೆಫೆಯಲ್ಲಿ ಅವಳೆದುರು ಕುಳಿತು ಸೇಬಿನ ಪೈ ಕತ್ತರಿಸುತ್ತ. "ನಾನು ಏಳೋದ್ರೊಳಗೆ ಅಂಗಳ ಚೊಕ್ಕ."

"ಹೂಂ," ಎಂದಳು ಸಿಗ್ನೆ ಕಾಫಿ ಕುಡಿಯುತ್ತ. "ಪರವಾಗಿಲ್ಲ."

ನಾರ್‌ಬೆಕ್‌ನವರಲ್ಲಿ ಪ್ರೀತಿಯನ್ನು ಬಾಯಲ್ಲಿ ಹೇಳುವುದಿಲ್ಲ. ಅಮೆರಿಕನ್ನರು 'ಐ ಲವ್ ಯೂ' ಎಂಬುದನ್ನು ಉಪ್ಪಿನ ಹಾಗೆ ಎಲ್ಲದರ ಮೇಲೂ ಉದುರಿಸುತ್ತಾರೆ ಎಂದು ಸಿಯಾಮಕ್ ಕೇಳಿದ್ದ. ಸಿಗ್ನೆಯ ಅಪ್ಪ ಬದುಕಿಡೀ ಆ ಮಾತು ಆಡಿದ್ದನ್ನು ಅವಳು ಕಂಡಿರಲಿಲ್ಲ. ಅಮ್ಮನ ಕಾರಿನ ಟೈರಿನ ಗಾಳಿಯನ್ನು ಮಾತ್ರ ಪ್ರತಿ ಭಾನುವಾರ ನೋಡುತ್ತಿದ್ದ.

ಜನವರಿಯಲ್ಲಿ ಅವಳು ಅವನನ್ನು ಹೆಪ್ಪುಗಟ್ಟಿದ ಕೆರೆಯ ಮೇಲಿನ ಮೀನುಗುಡಿಸಲಿಗೆ ಕರೆದುಕೊಂಡು ಹೋದಳು. ಹಲಗೆಯ ಪುಟ್ಟ ಗೂಡು. ಒಳಗೆ ಸೀಮೆಎಣ್ಣೆ ಒಲೆ, ಎರಡು ಬಕೆಟ್ ಬೋರಲು ಹಾಕಿ ಮಾಡಿದ ಆಸನ, ನಡುವೆ ಮಂಜುಗಡ್ಡೆ ಕೊರೆದ ತೂತು. ತೂತಿನ ಕೆಳಗೆ ಕಪ್ಪು ನೀರು ಕಣ್ಣು ಬಿಟ್ಟುಕೊಂಡಿತ್ತು.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಅಮೆರಿಕನ್ನರು ಮಾತು ನಿಲ್ಲಿಸೋದೇ ಇಲ್ಲ ಅಂದಿದ್ರು," ಎಂದು ಅವನು ಪಿಸುಗುಟ್ಟಿದ.

"ಶ್. ಮೀನಿಗೆ ಕೇಳ್ಸುತ್ತೆ."

"ಮೀನು ಇದೆಯಾ ಇಲ್ಲಿ?"

"ಇಲ್ಲ ಅನ್ಸುತ್ತೆ."

"ಮತ್ತೆ ಯಾಕೆ ಕೂತಿದೀವಿ?"

ಗಾಳದ ದಾರ ನೋಡುತ್ತಿದ್ದವಳ ಕೆನ್ನೆಯಲ್ಲಿ ಮೆಲ್ಲಗೆ ಗುಳಿ ಬಿತ್ತು. ಅವನು ದಾರ ಬಿಟ್ಟು ಆ ಗುಳಿಯನ್ನೇ ನೋಡಿದ.

"ಚಳೀನಾ?"

"ಇಲ್ಲ," ಎಂದಿತು ಅವಳ ಬಾಯಿ, ತಾನಾಗಿ.

ಅವನು ತಲೆದೂಗಿ ಮತ್ತೆ ನೀರು ನೋಡತೊಡಗಿದ. ಅವಳ ಬೆರಳು ಮರಗಟ್ಟಿದ್ದವು. ಇನ್ನೊಮ್ಮೆ ಕೇಳಲಿ ಎಂದು ಕಾದಳು. ಅವನು ಕೇಳಲಿಲ್ಲ. ಇವನು ಹೇಳಿದ್ದನ್ನು ಹೇಳಿದ ಹಾಗೇ ನಂಬುವವನು ಎಂಬುದು ಆಗ ಅವಳಿಗೆ ಸ್ಪಷ್ಟವಾಯಿತು. ಅದರಲ್ಲಿ ಒಂದು ಥರದ ನೆಮ್ಮದಿಯೂ ಇತ್ತು. ನಾರ್‌ಬೆಕ್‌ನಲ್ಲಿ ಪ್ರತಿ ಮಾತನ್ನೂ ಮಗುಚಿ ಹಾಕಿ ಅಡಿ ನೋಡಬೇಕು. ಇವನ ಹತ್ತಿರ ಹಾಗಿಲ್ಲ.

ಧೈರ್ಯ ತಂದುಕೊಂಡಳು. "ಸಿಯಾಮಕ್. ಚಳಿ ಆಗ್ತಿದೆ."

ಅವನು ತನ್ನ ಗವಸು ಕಳಚಿ, ಅವಳ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಕೋಟಿನೊಳಗೆ, ಎದೆಯ ಹತ್ತಿರ ಇಟ್ಟುಕೊಂಡ. ಮೂವತ್ತನಾಲ್ಕು ವರ್ಷದ ಹೆಣ್ಣು, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂಗೈಗೆ ಅವನ ಎದೆಬಡಿತ ತಾಗುತ್ತಿತ್ತು. ಆಕಾಶ ಕಳಚಿ ಬೀಳಲಿಲ್ಲ. ಮೀನು ಕೂಡ ಬೀಳಲಿಲ್ಲ.

ಆ ಮೇಲೆ ಅವಳು ಚಿಕ್ಕ ಚಿಕ್ಕದಕ್ಕೆ ಹೂಂ ಅನ್ನಲು ಕಲಿತಳು. ಚಹಾ ಬೇಕಾ? ಹೂಂ. ಇನ್ನೊಂದು ತುತ್ತು? ಹೂಂ. ಮುತ್ತು? ಅದಕ್ಕೆ ಅವನು ಬಾಯಲ್ಲಿ ಕೇಳಲಿಲ್ಲ, ಹುಬ್ಬಿನಲ್ಲಿ ಕೇಳಿದ. ಅವಳೂ ಬಾಯಲ್ಲಿ ಹೇಳಲಿಲ್ಲ.

ಮಾರ್ಚ್ ಕೊನೆಗೆ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಪಕ್ಕದ ಮನೆಯ ಡೆಲ್ಮರ್ ಎಂಬ ಮುದುಕನ ಹತ್ತಿರ ಸಿಯಾಮಕ್ ಮಾತಿಗೆ ನಿಂತಿದ್ದ. "ಚಳಿಗಾಲ ಮುಗೀತು, ಇನ್ನು ಕೌಂಟಿಯವರಿಗೂ ನನ್ನ ಅಂಗಳದ ಕೆಲಸ ತಪ್ಪಿತು," ಎಂದ.

ಡೆಲ್ಮರ್ ಟೋಪಿ ಹಿಂದಕ್ಕೆ ಸರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕೌಂಟಿಯವರಾ? ನಾನು ತೆರಿಗೆ ಕಟ್ಟಿ ಕಟ್ಟಿ ಮುದುಕ ಆದೆ, ನನ್ನ ಅಂಗಳಕ್ಕೆ ಯಾವ ಕೌಂಟಿನೂ ಬರ್ಲಿಲ್ಲ. ಅದು ಹೌಗ್ಲಂಡ್ ಮನೆ ಹುಡುಗಿ, ನಿನ್ನ ಸಿಗ್ನೆ, ಪೆದ್ದಾ. ಚಳಿಗಾಲ ಪೂರ್ತಿ ಅವಳೇ."

ಸಿಯಾಮಕ್ ಅಲ್ಲಿಂದ ನೇರ ಅವಳ ಮನೆಗೆ ಬಂದ. ಅವಳು ಪಿಕಪ್ಪಿನ ಅಲಗು ಬಿಚ್ಚುತ್ತಿದ್ದಳು. ಮೊಣಕೈವರೆಗೂ ಗ್ರೀಸು. ಅವನು ಕಾರಿನ ಬಾಗಿಲನ್ನೂ ಹಾಕದೆ ಬಂದು ಎದುರು ನಿಂತ.

"ಇಲ್ಲಿನ ಕೆಲಸ ಏಪ್ರಿಲ್‌ಗೆ ಮುಗಿಯುತ್ತೆ. ಸ್ಯಾಕ್ರಮೆಂಟೋದಲ್ಲಿ ಸಿಕ್ಕಿದೆ. ಇನ್ನೂ ಹೂಂ ಅಂದಿರಲಿಲ್ಲ. ಯಾಕೆ ಅಂದಿರಲಿಲ್ಲ ಅಂತ ಈಗ ಗೊತ್ತಾಯ್ತು." ಉಸಿರು ತೆಗೆದುಕೊಂಡ. "ನನ್ನ ಮದುವೆ ಆಗು, ಸಿಗ್ನೆ. ಅಲ್ಲಿಗೆ ಬಾ. ಅಮ್ಮನ್ನೂ ಕರ್ಕೊಂಡು ಹೋಗೋಣ. ಆಗಲ್ಲ ಅಂದ್ರೆ ನಾನೇ ಇಲ್ಲಿ ಇದ್ದುಬಿಡ್ತೀನಿ. ಹೇಗಾದ್ರೂ ಸರಿ."

ಇಡೀ ಬದುಕನ್ನು ಒಂದು ತಟ್ಟೆಯಲ್ಲಿಟ್ಟು ನೀಡಿದ್ದ. ಚಹಾಕ್ಕೆ ಹೂಂ ಅಂದಷ್ಟು ಸುಲಭವೇ ಅದು? ಕೊಡುವುದು ದೊಡ್ಡದಾದಷ್ಟೂ ಬೇಡ ಅನ್ನುವುದೂ ದೊಡ್ಡದಾಗಿರಬೇಕು. ಸಿಗ್ನೆಯ ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಎಲ್ಲರೂ ಅವಳ ನಾಲಿಗೆಯ ಮೇಲೆ ಬಂದು ಕುಳಿತರು.

"ಅಯ್ಯೋ, ಬೇಡ ಬೇಡ," ಎಂದಳು. "ನನಗೋಸ್ಕರ ನೀನು ಅಷ್ಟೆಲ್ಲ ಮಾಡೋದು ಬೇಡ."

ಹೇಳಿ, ತಲೆ ತಗ್ಗಿಸಿ, ಸ್ಪಾನರ್ ಒರೆಸುತ್ತ ಎರಡನೆಯ ಸಲಕ್ಕೆ ಕಾದಳು. ತುಟಿಯ ತುದಿಯಲ್ಲಿ ನಗು ಸಿದ್ಧವಾಗಿತ್ತು.

ಅವನ ಮುಖದಿಂದ ಬಣ್ಣ ಇಳಿಯಿತು. ಬಲಗೈಯನ್ನು ಎದೆಯ ಮೇಲಿಟ್ಟು ಸ್ವಲ್ಪ ಬಾಗಿದ.

"ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದ. "ಇನ್ನು ಕೇಳಿ ನಿನಗೆ ತೊಂದರೆ ಕೊಡಲ್ಲ."

ಕಾರು ತಿರುಗಿತು. ಕರಗಿದ ಹಿಮದ ಕೆಸರು ಚಕ್ರಕ್ಕೆ ಸಿಕ್ಕಿ ಚಿಮ್ಮಿತು. ಸಿಗ್ನೆ ಸ್ಪಾನರ್ ಹಿಡಿದುಕೊಂಡೇ ನಿಂತಿದ್ದಳು.

ಜಾಲರಿ ಬಾಗಿಲ ಹಿಂದಿನಿಂದ ಮಾರ್ಲಿಸ್ ಕೇಳಿದರು, "ಎಷ್ಟು ಸಲ ಕೇಳ್ದ?"

"ಒಂದು."

"ಮತ್ತೆ ಬರ್ತಾನೆ ಬಿಡು. ನಿಮ್ಮಪ್ಪ ಮೊದಲು ಕೇಳಿದ್ದು ಬೀಟು ಕೀಳೋ ಕಾಲದಲ್ಲಿ. ಆಮೇಲೆ ಚರ್ಚಿನಲ್ಲಿ ಪಾತ್ರೆ ಒರೆಸ್ತಾ. ಮೂರನೇ ಸಲ ನಮ್ಮಪ್ಪನ ಕೊಟ್ಟಿಗೇಲಿ, ಹಸು ಈಯೋವಾಗ. ನಾನು ಹೂಂ ಅಂದೆ, ಅದೂ ಈಯ್ತು." ನಗಿಸಲು ನೋಡಿದರು. ಸಿಗ್ನೆ ನಕ್ಕಳು ಕೂಡ.

ಆ ಸಂಜೆ ಮಾರ್ಲಿಸ್ ಕಾಫಿಯ ಪಾತ್ರೆಯನ್ನು ಒಲೆಯ ಮೇಲೇ ಬಿಸಿಯಾಗಿಟ್ಟರು. ಮರುದಿನವೂ ಇಟ್ಟರು. ಸಿಗ್ನೆ ನೀಲಿ ಸ್ವೆಟರ್ ಹಾಕಿಕೊಂಡು ಏನೂ ಕೆಲಸವಿಲ್ಲದೆ ಅಂಗಳದಲ್ಲಿ ಓಡಾಡಿದಳು. ರಸ್ತೆಯಲ್ಲಿ ಕಾರಿನ ಸದ್ದಾದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು, ಕಾಯುತ್ತಿದ್ದುದು ಕಾಣದಿರಲಿ ಎಂದು. ಕಾರುಗಳು ಮುಂದೆ ಹೋದವು.

ತಾನೇ ಹೋಗಿ ಹೇಳಬಹುದಿತ್ತು. ಎಷ್ಟೋ ಸಲ ಪಿಕಪ್ಪಿನ ಕೀಲಿ ಕೈಗೆ ತೆಗೆದುಕೊಂಡಳು. ಆದರೆ ಎರಡನೆಯ ಸಲ ಕೇಳದವನಿಗೆ ಬಹುಶಃ ಮೊದಲ ಸಲವೂ ಪೂರ್ತಿ ಮನಸ್ಸಿರಲಿಲ್ಲ. ಅಂಗಳ ಗೋರಿದ್ದಕ್ಕೆ ಋಣ ತೀರಿಸಲು ಕೇಳಿರಬಹುದು. ಹೀಗೆ ಯೋಚಿಸಿ ಕೀಲಿಯನ್ನು ಮತ್ತೆ ಮೊಳೆಗೆ ಹಾಕುತ್ತಿದ್ದಳು. ಅವರ ಊರಿನಲ್ಲಿ ಯಾರೂ ಬೇರೆ ಥರ ಯೋಚಿಸುತ್ತಿರಲಿಲ್ಲ.

ಬೀಳ್ಕೊಡುಗೆ ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ತಂದಿದ್ದರು. ಕೊನೆಯ ಕೇಕ್ ತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳದೆ, ಒಬ್ಬರು ಅರ್ಧ, ಇನ್ನೊಬ್ಬರು ಅದರಲ್ಲಿ ಅರ್ಧ ಕತ್ತರಿಸುತ್ತ, ಅದು ಬೆರಳಿನ ಉಗುರಿನಷ್ಟಾಗಿ ತಟ್ಟೆಯಲ್ಲೇ ಉಳಿದಿತ್ತು. ಸಿಯಾಮಕ್ ಅದನ್ನು ನೋಡಿ, ಪಾಪ ಎಲ್ಲರಿಗೂ ಹೊಟ್ಟೆ ತುಂಬಿದೆ ಅಂದುಕೊಂಡ.

ಬಾಗಿಲಲ್ಲಿ ಎಲ್ಲರೂ ಅವನನ್ನು ಹಿಡಿದು ನಿಲ್ಲಿಸಿ ಮಾತಾಡಿದ್ದೇ ಮಾತಾಡಿದ್ದು. ಕೋಟು ಹಾಕಿಕೊಂಡ, ಸೆಕೆಗೆ ತೆಗೆದ, ಮತ್ತೆ ಹಾಕಿಕೊಂಡ. ಕೊನೆಗೆ ಸಿಗ್ನೆಯ ಮುಂದೆ ಬಂದ. ಈಗ ಕೇಳುತ್ತಾನೆ ಎಂದು ಅವಳು ಕಣ್ಣೆತ್ತಿದಳು. ಅವನ ಕಣ್ಣಿನಲ್ಲಿ ಕೇಳಬೇಕಾದ್ದು ಅಷ್ಟೂ ಇತ್ತು.

"ಅಮ್ಮನ ಮಂಡಿಗೆ ದಿನಾ ವ್ಯಾಯಾಮ ಮಾಡಿಸು," ಎಂದ. ಹೋದ.

ಕ್ರಿಸ್‌ಮಸ್ಸಿಗೆ ಮಾರ್ಲಿಸ್‌ರ ಹೆಸರಿಗೆ ಒಂದು ಕಾರ್ಡು ಬಂತು, ಸ್ಯಾಕ್ರಮೆಂಟೋ ವಿಳಾಸದಿಂದ. ಮಂಡಿ ಹೇಗಿದೆ ಎಂದು ಕೇಳಿದ್ದ. ಮುಂದಿನ ಕ್ರಿಸ್‌ಮಸ್ಸಿಗೆ ಬರಲಿಲ್ಲ. ಸಿಗ್ನೆ ಹಿಮ ಗೋರಿದಳು. ಸ್ಮಶಾನದ ರಸ್ತೆಯ ಕೊನೆಯ ಮನೆಗೆ ಈಗ ಬೇರೆ ಯಾರೋ ಬಂದಿದ್ದರು. ಅವರ ಅಂಗಳವನ್ನು ಅವರೇ ಗೋರಿಕೊಳ್ಳುತ್ತಿದ್ದರು.

ಎರಡನೆಯ ವಸಂತದಲ್ಲಿ ಒಂದು ಬೆಳಿಗ್ಗೆ, ತಟ್ಟೆ ಒರೆಸುತ್ತಿದ್ದ ಮಾರ್ಲಿಸ್ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿದರು.

"ಹೋಗಿ ಬಾ."

"ಎಲ್ಲಿಗೆ?"

"ಎಲ್ಲಿಗೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು."

"ಅವನು ಕೇಳಿದ್ದು ಒಂದೇ ಸಲ, ಅಮ್ಮ."

"ಉಳಿದ ಎರಡು ಸಲ ನೀನು ಕೇಳು." ಮಾರ್ಲಿಸ್ ಮೊಳೆಯಿಂದ ಪಿಕಪ್ಪಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು. "ನಾನು ಕಲಿಸಿದ್ದು ಕಾಫಿಗೆ ಸರಿ ಕಣೇ. ಇದಕ್ಕೆ ಸರಿಯಲ್ಲ. ನನ್ನ ಮಂಡಿ ನೋಡು, ನಿನಗಿಂತ ಗಟ್ಟಿ ಇದೆ. ಹೋಗು."

ದಾರಿಯುದ್ದಕ್ಕೂ ಅವಳು ಒಂದೇ ಮಾತು ಅಭ್ಯಾಸ ಮಾಡಿದಳು. ಬಯಲು ಕಳೆದು ಬೆಟ್ಟ, ಬೆಟ್ಟ ಕಳೆದು ಮರಳುಗಾಡು. ಪಿಕಪ್ಪಿನಲ್ಲಿ ಒಬ್ಬಳೇ, ಜೋರಾಗಿ: "ನನಗೆ ಬರಬೇಕು ಅಂತ ಆಸೆ. ಆವತ್ತೂ ಇತ್ತು." ಮೊದಮೊದಲು ನಾಚಿಕೆಯಾಯಿತು. ಕೊನೆಕೊನೆಗೆ ಹಾಡಿನ ಹಾಗೆ ಬರತೊಡಗಿತು.

ಬಾಗಿಲು ತೆಗೆದದ್ದು ಒಬ್ಬ ಹೆಂಗಸು. ಚೆಲುವೆ. ದಪ್ಪ ಜಡೆ, ಬರಿಗಾಲು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ತುಂಬಿದ ಹೊಟ್ಟೆಯ ಮೇಲೆ.

"ನಾನು ಸಿಗ್ನೆ. ಮಿನೆಸೋಟ. ಸಿಯಾಮಕ್ ನಮ್ಮ ಅಮ್ಮನಿಗೆ..."

"ಮಂಡಿ!" ಎಂದಳು ಅವಳು ಸಂತೋಷದಿಂದ. "ಮಾರ್ಲಿಸ್ ಖಾನುಂ! ಬನ್ನಿ ಬನ್ನಿ. ನಾನು ಗೊಲ್ನಾರ್, ಅವರ ಹೆಂಡತಿ. ಈಗ ಬರ್ತಾರೆ, ಕೂತ್ಕೊಳ್ಳಿ. ಚಹಾ ಮಾಡ್ಲಾ?"

"ಬೇಡ, ಬೇಡ, ತೊಂದರೆ ತಗೋಬೇಡಿ," ಎಂದಳು ಸಿಗ್ನೆ. ಕುಳಿತಳು.

"ತೊಂದರೆ ಏನು ಬಂತು? ಒಂದು ಲೋಟ."

"ಬೇಡ, ನಿಜವಾಗ್ಲೂ."

"ಅಷ್ಟು ದೂರದಿಂದ ಬಂದು ಬಾಯಿ ಒಣಗಿಸ್ಕೊಂಡು ಹೋಗ್ತೀರಾ? ನನ್ನ ಮೇಲಾಣೆ, ಕುಡೀಲೇಬೇಕು."

ಸಿಗ್ನೆ ತಲೆಯೆತ್ತಿದಳು.

"ನೀವು ಮೂರು ಸಲ ಕೇಳಿದ್ರಿ," ಎಂದಳು ಮೆಲ್ಲಗೆ.

ಗೊಲ್ನಾರ್ ನಾಲಿಗೆ ಕಚ್ಚಿಕೊಂಡು ನಕ್ಕಳು. "ಅಭ್ಯಾಸ ನೋಡಿ. ನಮ್ಮಲ್ಲಿ ಮೊದಲ ಸಲಕ್ಕೇ ಹೂಂ ಅನ್ನೋರು ಯಾರು? ಅಮೆರಿಕನ್ನರನ್ನ ಒಂದೇ ಸಲ ಕೇಳ್ಬೇಕು, ಬೇಡ ಅಂದ ಮೇಲೆ ಮತ್ತೆ ಕೇಳಿದ್ರೆ ಅವಮಾನ ಮಾಡಿದ ಹಾಗೆ ಅಂತ ಸಿಯಾಮಕ್ ಯಾವಾಗ್ಲೂ ಹೇಳ್ತಾರೆ. ಇವರು ಮೊದಲು ಶಿಕಾಗೋಗೆ ಬಂದಾಗ ಯಾರದೋ ಮನೇಲಿ ಪಿಜ್ಜಾ ಕೊಟ್ರಂತೆ. ಇವರು ಮರ್ಯಾದೆಗೆ ಬೇಡ ಅಂದ್ರಂತೆ. ಆ ಮನೆಯವರು ಡಬ್ಬ ಮುಚ್ಚಿ ಒಳಗೆ ತಗೊಂಡು ಹೋದ್ರಂತೆ! ಇವರು ಹಸ್ಕೊಂಡೇ ಮಲಗಿದ್ರಂತೆ. ಅವತ್ತೇ ಪಾಠ ಕಲಿತ್ರು." ಚಹಾದ ಲೋಟ ಮುಂದೆ ಇಟ್ಟಳು. "ಆದ್ರೆ ನಿಮ್ಮ ಮುಖ ನೋಡಿದ್ರೆ ಬೇಕು ಅನ್ನೋ ಹಾಗಿತ್ತು. ಅದಕ್ಕೇ ಕೇಳ್ದೆ."

ಸಿಗ್ನೆ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡಳು. ಬೆರಳು ಸುಟ್ಟರೂ ಬಿಡಲಿಲ್ಲ. ಅವನ ಊರೂ ಅವಳ ಊರಿನ ಹಾಗೆಯೇ ಇತ್ತು. ಇಸ್ಫಹಾನಿನಲ್ಲಾಗಿದ್ದರೆ ಅವನು ನೂರು ಸಲ ಕೇಳುತ್ತಿದ್ದ. ಅವಳ ಮೇಲಿನ ಗೌರವಕ್ಕೆ, ಹಲ್ಲು ಕಚ್ಚಿಕೊಂಡು, ಒಂದಕ್ಕೇ ನಿಲ್ಲಿಸಿದ್ದ.

ಸಿಯಾಮಕ್ ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಮಾತು, ನಗು, ಮಂಡಿಯ ಸಮಾಚಾರ, ಡೆಲ್ಮರ್ ಹೇಗಿದ್ದಾನೆ ಎಂಬುದು. ಫ್ರೆಸ್ನೋದಲ್ಲಿ ಚಿಕ್ಕಮ್ಮ ಇದ್ದಾರೆ, ಅಲ್ಲಿಗೆ ಹೊರಟಿದ್ದೆ, ದಾರಿಯಲ್ಲಿ ಹಾಗೇ ಬಂದೆ ಎಂದಳು ಸಿಗ್ನೆ. ಊಟಕ್ಕೆ ನಿಲ್ಲಿ ಎಂದು ಗೊಲ್ನಾರ್ ಕೇಳಿದ್ದಕ್ಕೆ ಲೆಕ್ಕವಿಲ್ಲ. ಅವಳು ನಿಲ್ಲಲಿಲ್ಲ.

ಅವನು ಪಿಕಪ್ಪಿನವರೆಗೆ ಬಂದ. ಬೀದಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದವು. ಅಡುಗೆಮನೆಯ ಕಿಟಕಿಯಲ್ಲಿ ಗೊಲ್ನಾರ್ ಲೋಟ ತೊಳೆಯುವುದು ಕಾಣುತ್ತಿತ್ತು.

"ಒಂದು ಕೇಳ್ಲಾ?" ಎಂದ. ನೆಲ ನೋಡುತ್ತಿದ್ದ. "ಆವತ್ತು ನೀನು ಬೇಡ ಅಂದೆ. ಅದು ಬೇಡ ಅಂತಲೇ ತಾನೇ?"

ಅಭ್ಯಾಸ ಮಾಡಿಕೊಂಡು ಬಂದ ಮಾತು ಗಂಟಲಲ್ಲೇ ಇತ್ತು. ಬಾಯಿ ತೆರೆದರೆ ಸಾಕಿತ್ತು. ಕಿಟಕಿಯಲ್ಲಿ ಗೊಲ್ನಾರ್ ಒದ್ದೆ ಕೈಯ ಹಿಂಬದಿಯಿಂದ ಹಣೆಯ ಕೂದಲು ಸರಿಸಿಕೊಂಡು, ಇವರತ್ತ ನೋಡಿ ನಕ್ಕಳು.

"ಹೂಂ," ಎಂದಳು ಸಿಗ್ನೆ.

"ನಾನು ಇನ್ನೊಂದು ಸಲ ಕೇಳಿದ್ದಿದ್ರೆ?"

"ಅದನ್ನೇ ಹೇಳ್ತಿದ್ದೆ."

ಅವಳು ಹತ್ತಿ ಕುಳಿತಳು. ಅವನು ಬಾಗಿಲು ಬಿಡಲಿಲ್ಲ. ಬೆರಳುಗಳು ಬಿಳಿಚಿಕೊಂಡಿದ್ದವು. ಈಗ ಅವಳ ಕಣ್ಣನ್ನೇ ನೋಡುತ್ತಿದ್ದ.

"ಸಿಗ್ನೆ. ನಿಜವಾಗ್ಲೂ?"

ಇದಕ್ಕಾಗಿ ಅವಳು ಎರಡು ಚಳಿಗಾಲ ಕಾದಿದ್ದಳು. ಮೂರನೆಯ ಸಲಕ್ಕೆ ಹೂಂ ಅನ್ನಬೇಕೆಂದು ಮೈಯ ಒಂದೊಂದು ಎಲುಬಿಗೂ ಗೊತ್ತಿತ್ತು.

"ನಿಜವಾಗ್ಲೂ," ಎಂದಳು, ಕಣ್ಣು ತಪ್ಪಿಸದೆ. ನಕ್ಕಳು ಕೂಡ. "ನಾವು ಅಮೆರಿಕನ್ನರು ಕಣೋ. ಬೇಡ ಅಂದ್ರೆ ಬೇಡ."

ಅವನು ಉದ್ದಕ್ಕೆ ಉಸಿರು ಬಿಟ್ಟ. ಎರಡು ವರ್ಷದಿಂದ ಬಿಗಿದಿದ್ದ ಹೆಗಲು ಮೆಲ್ಲಗೆ ಸಡಿಲವಾಯಿತು. ಬಾಗಿಲ ಮೇಲಿನ ಕೈ ತೆಗೆದು ಎದೆಯ ಮೇಲಿಟ್ಟುಕೊಂಡು, ಸ್ವಲ್ಪ ಬಾಗಿ, ಮನೆಯ ಕಡೆ ತಿರುಗಿದ.

ಅವನು ನಂಬಿದ್ದ. ಅವಳ ಮಾತನ್ನು ಆಡಿದ ಹಾಗೇ ನಂಬಿದವನು ಈ ಲೋಕದಲ್ಲಿ ಅವನೊಬ್ಬನೇ.